ರಾಣಿಯ ವೇಷದ ದಾಸಿ ಮತ್ತು ಅಜ್ಜಿಯ ಮೊಸರು

ಅಜ್ಜಿ, ಈ ಚೀಟಿನ ಕನ್ನಡಕ ಹಾಕ್ಕೊಂಡು ಓದು.

ಒಂದಾನೊಂದು ಅಡುಗೆಮನೆಯಲ್ಲಿ ಒಬ್ಬ ಹಠಮಾರಿ ಅಜ್ಜಿ ಇದ್ದಳಂತೆ. ಕಾಲು ಜೋಮು ಹಿಡಿದರೂ ಡಾಕ್ಟರು ಕೊಟ್ಟ ವಿಟಮಿನ್ ಬಿ ಹನ್ನೆರಡರ ಮಾತ್ರೆ ಮುಟ್ಟಳು. "ನನ್ನ ಮೊಸರಲ್ಲೇ ಎಲ್ಲ ಇದೆ. ಇಲ್ಲ ಅಂತ ನಿನ್ನ ಲ್ಯಾಬಲ್ಲಿ ತೋರಿಸು, ಆಮೇಲೆ ನುಂಗ್ತೀನಿ" ಎಂದು ಮೊಮ್ಮಗಳಿಗೆ ಮಾತು ಕೊಟ್ಟಳು.

ಮೊಮ್ಮಗಳು ಮೊಸರನ್ನು ಒಯ್ದು ಪರೀಕ್ಷಿಸಿದಳು. ಫೋಲೇಟ್ ಎಂಬ ವಿಟಮಿನ್ ತಯಾರಿಸುವುದರಲ್ಲಿ ಅಜ್ಜಿಯ ಹೆಪ್ಪಿನ ಬ್ಯಾಕ್ಟೀರಿಯಾಗಳು ಲ್ಯಾಬಿನ ಮಾದರಿಗಳನ್ನೆಲ್ಲ ಹಿಂದೆ ಹಾಕಿದ್ದವು. "ಯಾರ ಮನೇದಮ್ಮ ಇದು?" ಎಂದು ಲ್ಯಾಬಿನ ಮೇಡಂ ಬೆರಗಾದಾಗ, "ನಮ್ಮಜ್ಜಿದು" ಎಂದು ಮೊಮ್ಮಗಳು ಎದೆಯುಬ್ಬಿಸಿ ಹೇಳಿದಳು.

ಆದರೆ ಬಿ ಹನ್ನೆರಡರ ಜಾಗದಲ್ಲಿ ಆ ಬ್ಯಾಕ್ಟೀರಿಯಾಗಳು ಮಾಡಿಟ್ಟದ್ದು ಅದರಂತೆಯೇ ಕಾಣುವ ಬೇರೊಂದು ವಸ್ತು. ನೀನು ಹೇಳುತ್ತಿದ್ದ ಕಥೆಯಲ್ಲಿ ರಾಣಿಯ ವೇಷ ಹಾಕಿದ ದಾಸಿಯ ಹಾಗೆ: ಕಿರೀಟವೇನೋ ಒಪ್ಪುತ್ತದೆ, ಆಳಲು ಬಾರದು. ಅದರಿಂದ ನಿನ್ನ ಕಾಲಿಗೆ ಉಪಯೋಗವಿಲ್ಲ; ಹಾಲಿನಿಂದಲೇ ಬಂದ ಅಸಲಿ ಬಿ ಹನ್ನೆರಡು ನಿನಗೆ ಸಾಲದು.

ಮೊಸರಿನ ಪಾತ್ರೆಯ ಮುಚ್ಚಳದ ಮೇಲೆ ಮಾತ್ರೆ ಇಟ್ಟಿದ್ದೇನೆ. ಕುಂಡದ ಗಿಡಕ್ಕೆ ತಿನ್ನಿಸಬೇಡ. ಮೊಸರನ್ನೂ ಬಿಡಬೇಡ.

(ಚೀಟಿಯ ಕೆಳಗೆ, ಪೆನ್ಸಿಲ್ಲಿನಲ್ಲಿ, ಅಜ್ಜಿಯ ದಪ್ಪಕ್ಷರ)

ದಾಸಿನ ಬೈಬೇಡ ಕಣೆ, ಅವಳೂ ನಮ್ಮನೆ ಹುಡುಗೀನೇ. ನಿಮ್ಮ ಮೇಡಂಗೆ ಒಂದಿಷ್ಟು ಹೆಪ್ಪು ತೆಗೆದಿಟ್ಟಿದೀನಿ. ಮಾತ್ರೆ ನುಂಗಿಯಾಯ್ತು.