ದೇವೀರಿಯ ಗೋಡೆಯ ಆರು ಎಮ್ಮೆಗಳು

ಮೂವತ್ತೊಂದನೆಯ ಫೆಬ್ರವರಿ, ೨೨೯೧
ಒಳೂರು, ಚಿತ್ರದುರ್ಗದ ಬಂಡೆಗಳ ಕೆಳಗೆ

ಹಿಂದಿನವರಾದ ನಿಮಗೆ, ಮುಂದಿನವನ ನಮಸ್ಕಾರಗಳು.

ತಾರೀಖು ನೋಡಿ ಕಾಗದವನ್ನು ಮಡಚಿಡಬೇಡಿ. ಫೆಬ್ರವರಿಗೆ ತಲತಲಾಂತರದಿಂದ ಅನ್ಯಾಯವಾಗಿದೆ ಎಂದು ನಮ್ಮಲ್ಲಿ ಚಳವಳಿ ನಡೆದು, ಉಳಿದ ತಿಂಗಳುಗಳಿಂದ ದಿನಗಳನ್ನು ಕಿತ್ತು ಅದಕ್ಕೆ ಕೊಟ್ಟಿದ್ದಾರೆ. ಜುಲೈ ಇನ್ನೂ ಮುನಿಸಿಕೊಂಡಿದೆ. ನನ್ನ ಮಾತುಗಳೂ ಅಲ್ಲಲ್ಲಿ ವಿಚಿತ್ರವೆನಿಸಬಹುದು. ಇಷ್ಟು ದೂರ ಹಿಂದಕ್ಕೆ ಪ್ರಯಾಣ ಮಾಡುವ ಪದಗಳು ಸ್ವಲ್ಪ ಮುದುಡುವುದು ಸಹಜ, ಕ್ಷಮಿಸಿ. ಕಾಗದ ನಿಮಗೆ ತಲುಪುತ್ತಿರುವುದು ಹಿಂಚೆಯಲ್ಲಿ. ಮುಂದಿನವರಿಗೆ ಹೋದರೆ ಅಂಚೆ, ಹಿಂದಿನವರಿಗೆ ಹೋದರೆ ಹಿಂಚೆ. ಆ ಇಲಾಖೆಯವರು ಇದುವರೆಗೆ ಚೆನ್ನಾಗಿ ಮಾಡಿರುವ ಕೆಲಸ ಈ ಹೆಸರಿಟ್ಟಿದ್ದು ಒಂದೇ.

ನಮ್ಮ ಊರು ನೆಲದೊಳಗಿದೆ. ಮೇಲೆ ಬಿಸಿಲು ತಾಳಲಾರದಷ್ಟಾದಾಗ ನಮ್ಮ ಮುತ್ತಜ್ಜಂದಿರು ಕೆಳಗಿಳಿದು, ಬಂಡೆ ಕೊರೆದು ಮನೆ ಮಾಡಿಕೊಂಡರು. ಇಲ್ಲಿ ಕಿಟಕಿಗಳಿಲ್ಲ, ದೀಪಗಳೂ ಇಲ್ಲ. ಗೋಡೆ, ಸೂರು, ನೆಲ ಎಲ್ಲವೂ ತಾವೇ ಬೆಳಗುತ್ತವೆ. ಹಿಟ್ಟು ಚೆಲ್ಲಿದಂತೆ ಎಲ್ಲ ಕಡೆಯಿಂದ ಒಂದೇ ಸಮನಾದ ಬಿಳಿ ಬೆಳಕು. ಮಲಗುವ ಹೊತ್ತಿಗೆ ಮಂಕಾಗುತ್ತದೆಯೇ ಹೊರತು ಆರುವುದಿಲ್ಲ. ನೆಲದ ಮೇಲೆ ಕಪ್ಪಾಗಿ ಕಾಣುವುದೆಂದರೆ ಗಾಳಿಗಾಗಿ ಕೊರೆದ ಆಳವಾದ ಗುಂಡಿಗಳ ಬಾಯಿ ಮಾತ್ರ. ಹಾಗಾಗಿ ನಮ್ಮ ಮಕ್ಕಳು ನಡೆಯುವುದಕ್ಕೂ ಮುಂಚೆ ಕಲಿಯುವ ಪಾಠ, ಕಪ್ಪು ಕಂಡಲ್ಲಿ ಕಾಲಿಡಬಾರದು ಎಂಬುದು. ನೀವು ಮಕ್ಕಳನ್ನು ಒಲೆಯಿಂದ ದೂರ ಇಡುವ ಹಾಗೆ.

ಮಗುವಿಗೆ ಐದು ತುಂಬಿದಾಗ ಅದಕ್ಕೊಂದು ಕೋಣೆ ಕೊಡುತ್ತೇವೆ. ಆ ಕೋಣೆಯ ಒಂದು ಗೋಡೆಯ ತುಂಬ ತಂದೆಯೋ ತಾಯಿಯೋ ಸ್ವಂತ ಕೈಯಿಂದ ಚಿತ್ರ ಬರೆಯಬೇಕು. ಇದಕ್ಕೆ ಕೈಗೋಡೆ ಎಂದು ಹೆಸರು. ಯಂತ್ರ ಮುಟ್ಟುವಂತಿಲ್ಲ, ಬರೆಯಲು ಬರುವವರನ್ನು ಕರೆಸುವಂತಿಲ್ಲ. ವಿಷಯ ಮಗುವಿನದು, ಕೈ ಹೆತ್ತವರದು, ನಗುವ ಹಕ್ಕು ನೆರೆಹೊರೆಯವರದು. ಬರೆದದ್ದನ್ನು ಅಳಿಸುವ ಅಧಿಕಾರ ಮಗುವಿಗೆ ಮಾತ್ರ, ಅದೂ ಹದಿನಾರು ತುಂಬಿದ ಮೇಲೆ. ಚಿತ್ರ ಬರೆಯಲು ಬಾರದ ನಾನು ಚಿತ್ರದುರ್ಗದಲ್ಲೇ ಹುಟ್ಟಿದ್ದು ನನ್ನ ದುರ್ಗತಿ.

ನನ್ನ ಹೆಂಡತಿ ಶಿವಗಂಗೆ ಮೂರು ತಿಂಗಳಿಂದ ಮೇಲ್ಪಾಳಿಯಲ್ಲಿದ್ದಾಳೆ. ಅಂದರೆ ಆರು ತಿಂಗಳು ನೆಲದ ಮೇಲಿದ್ದು, ಬಿಸಿಲು ತಗ್ಗಿದ ಬೆಳಗು ಸಂಜೆಗಳಲ್ಲಿ ಊರಿನ ಎಮ್ಮೆಗಳನ್ನು ಕಾಯುವ ಸರದಿ ಅವಳದು. ನಾನು ಗಾಳಿಮನೆಯವನು, ಊರಿಗೆಲ್ಲ ಉಸಿರು ಹಂಚುವ ಪಂಖಗಳನ್ನು ನೋಡಿಕೊಳ್ಳುತ್ತೇನೆ. ನಮಗೆ ಮೇಲ್ಪಾಳಿ ಇಲ್ಲ. ಫೆಬ್ರವರಿ ಇಪ್ಪತ್ತರಿಂದ ನನಗೆ ರಾತ್ರಿಪಾಳಿ ಶುರುವಾಗುವುದಿತ್ತು. ಅಷ್ಟರೊಳಗೆ ನಮ್ಮ ಮಗಳು ದೇವೀರಿ ತನ್ನ ಕೋಣೆಯಲ್ಲಿ ಒಬ್ಬಳೇ ನಿದ್ದೆ ಮಾಡುವುದನ್ನು ಕಲಿಯಬೇಕಿತ್ತು. ಕಲಿಯದಿದ್ದರೆ ಸಾಲುಮನೆ. ಹೆತ್ತವರಿಬ್ಬರೂ ಪಾಳಿಯಲ್ಲಿರುವ ಮಕ್ಕಳನ್ನು ಒಟ್ಟಿಗೆ ಮಲಗಿಸುವ ಉದ್ದನೆಯ ಕೊಠಡಿ ಅದು. ಕೆಟ್ಟ ಜಾಗವೇನಲ್ಲ, ಊಟವೂ ನನ್ನ ಅಡುಗೆಗಿಂತ ವಾಸಿ. ಆದರೆ ಭೇಟಿ ವಾರಕ್ಕೆ ಒಮ್ಮೆ ಮಾತ್ರ. ತಾಯಿ ಮೇಲೆ, ತಂದೆ ಗಾಳಿಯಲ್ಲಿ, ಮಗು ಸಾಲಿನಲ್ಲಿ. ಮೂರೇ ಜನರ ಸಂಸಾರ ಹೀಗೆ ಮೂರು ಪಾಲಾಗುವುದು ನನಗೆ ಬೇಕಿರಲಿಲ್ಲ.

ಯಾವ ಚಿತ್ರ ಬೇಕು ಎಂದು ಕೇಳಿದಾಗ ದೇವೀರಿ ಎಮ್ಮೆ ಎಂದಳು. ಎಷ್ಟು ಎಂದೆ. ಅಮ್ಮ ಕಾಯುವಷ್ಟು ಎಂದಳು. ಅದು ನಲವತ್ತರ ಮೇಲಾಗುತ್ತದೆ ಎಂದು ಚೌಕಾಸಿ ಮಾಡಿ ಆರಕ್ಕೆ ಇಳಿಸಿದೆ. ಕೆಮ್ಮಣ್ಣು, ಸುಣ್ಣ, ಅರಿಸಿನ, ಮಸಿ ಕಲಸಿಕೊಂಡು, ಮೇಕೆಕೂದಲಿನ ಕುಂಚ ಕಟ್ಟಿಕೊಂಡು ಎರಡು ವಾರ ಗೋಡೆಗೆ ಅಂಟಿಕೊಂಡೆ. ಮೊದಲನೆಯ ಎಮ್ಮೆಯನ್ನು ನೋಡಿದ ಪಕ್ಕದ ಮನೆಯವರು ದಿಂಬಿಗೆ ಕಾಲು ಬಂದಿದೆ ಎಂದರು. ಮೂರನೆಯದಕ್ಕೆ, ಈಗ ದಿಂಬಿಗೆ ಮುಖವೂ ಬಂದಿದೆ ಎಂದರು. ಇದನ್ನು ಪ್ರಗತಿ ಎಂದೇ ತಿಳಿದು ಮುಂದುವರಿದೆ.

ನಾನು ನೋಡಿ ಬರೆಯುತ್ತಿದ್ದುದು ಕಡತಮನೆಯಲ್ಲಿ ಸಿಕ್ಕಿದ ನಿಮ್ಮ ಕಾಲದ ಒಂದು ಫೋಟೊ. ಹುಲ್ಲು, ಒಂದು ಬೇವಿನ ಮರ, ಎಮ್ಮೆಗಳು, ಅವುಗಳನ್ನು ಮೇಯಿಸುವ ಒಬ್ಬ ಗಂಡಸು. ವಿಚಿತ್ರವೆಂದರೆ ಪ್ರತಿಯೊಂದರ ಕೆಳಗೂ ಒಂದು ಕಪ್ಪು ಮಚ್ಚೆ. ಎಮ್ಮೆಯ ಕೆಳಗಿನದು ಕೆಸರಿರಬೇಕು ಎಂದುಕೊಂಡೆ. ಮರದ ಕೆಳಗಿನದು ಸೋರಿದ ಅಂಟು ಎಂದುಕೊಂಡೆ. ಆ ಗಂಡಸಿನ ಕೆಳಗೂ ಒದ್ದೆಯಾದಂತಿತ್ತು. ನಿಮ್ಮ ಕಾಲದವರ ಮರ್ಯಾದೆ ಉಳಿಸಲು ಅವನನ್ನು ಚಿತ್ರದಿಂದಲೇ ಕೈಬಿಟ್ಟೆ. ಉಳಿದ ಮಚ್ಚೆಗಳನ್ನು ಮಸಿಯಲ್ಲಿ ದಪ್ಪವಾಗಿ, ನಿಷ್ಠೆಯಿಂದ ತುಂಬಿದೆ.

ದೇವೀರಿ ಗೋಡೆಯ ಮುಂದೆ ಬಹಳ ಹೊತ್ತು ನಿಂತಳು. ಚೆನ್ನಾಗಿದೆ ಎಂದಳು. ಆದರೆ ಮಲಗಲಿಲ್ಲ. ಹಾಸಿಗೆಯ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು ಗೋಡೆಯನ್ನೇ ನೋಡುತ್ತ ಕೂತಳು. ಮರುದಿನವೂ ಹಾಗೆಯೇ, ಅದರ ಮರುದಿನವೂ ಹಾಗೆಯೇ. ಹಗಲು ಅನ್ನದ ತಟ್ಟೆಯ ಮುಂದೆ ತೂಕಡಿಸುತ್ತಿದ್ದಳು. ಎಮ್ಮೆಗಳ ಮುಖ ಕಂಡು ಹೆದರಿರಬಹುದೇ ಎಂದು, ಸ್ವಲ್ಪ ಅವಮಾನದಿಂದಲೇ ಕೇಳಿದೆ.

"ಎಮ್ಮೆ ಬಿದ್ದೋಗ್ತಾವೆ ಕಣಪ್ಪಾ," ಎಂದಳು. "ನಾನು ಮಲಕ್ಕಂಡ್ರೆ ಅವುನ್ನ ಯಾರು ನೋಡ್ಕಂತಾರೆ?"

ನಾನು ಆರು ಎಮ್ಮೆಗಳನ್ನು ಆರು ಗುಂಡಿಗಳ ಬಾಯಲ್ಲಿ ನಿಲ್ಲಿಸಿದ್ದೆ. ಮಗಳು ಅವುಗಳ ಕಾವಲಿಗೆ ಕೂತಿದ್ದಳು. ಅಳಿಸೋಣವೆಂದರೆ ಅವಳಿಗೆ ಹದಿನಾರಾಗಲು ಹನ್ನೊಂದು ವರ್ಷ ಬಾಕಿ, ನನ್ನ ಪಾಳಿಗೆ ನಾಲ್ಕೇ ದಿನ. ಸಾಲುಮನೆಯವರು ಬಂದು ಅವಳ ಅಂಗಿಯ ಅಳತೆಯನ್ನೂ ತೆಗೆದುಕೊಂಡು ಹೋದರು.

ನಮ್ಮ ಮನೆಗಳ ಸಾಲಿನಲ್ಲಿ ಮೇಲ್ಪಾಳಿ ಮಾಡಿ ಬಂದವರು ಎದುರುಮನೆಯ ಮಾರಕ್ಕಜ್ಜಿ ಒಬ್ಬರೇ. ಅವರು ಮೊಮ್ಮಗನ ಮದುವೆಗೆಂದು ಬೇರೆ ಸಾಲಿಗೆ ಹೋಗಿದ್ದವರು ಆ ದಿನವೇ ಹಿಂದಿರುಗಿದರು. ಮೊದಲು ಗೋಡೆಯ ಎಮ್ಮೆಗಳನ್ನು ನೋಡಿ ನಕ್ಕರು, ಆಮೇಲೆ ಗುಂಡಿಯ ಕಥೆ ಕೇಳಿ ನನ್ನನ್ನು ನೋಡಿ. "ಅದು ಗುಂಡಿ ಅಲ್ಲ ಕಣೋ ತಿಪ್ಪೇರುದ್ರ, ನೆಳ್ಳು. ಬಿಸ್ಲು ಒಂದ್ ಕಡೆಯಿಂದ ಬಿದ್ರೆ ಇನ್ನೊಂದ್ ಕಡೆ ಹಂಗೇ ಕಪ್ಪಾಗತೈತೆ."

ನೆರಳು ಎಂಬ ಪದ ನನಗೆ ತಿಳಿಯದ್ದಲ್ಲ. ಶಾಲೆಯಲ್ಲಿ ಅದರ ಮೇಲೆ ಪ್ರಬಂಧ ಬರೆದು ಬಹುಮಾನ ಗಳಿಸಿದ್ದೇನೆ. ಎದುರಿಗೆ ಬಂದಾಗ ಗುರುತು ಸಿಗಲಿಲ್ಲ, ಅಷ್ಟೆ. ಆದರೆ ಮಾತಿನಿಂದ ದೇವೀರಿ ಒಪ್ಪುವವಳಲ್ಲ. ಕಪ್ಪು ಎಂದರೆ ಗುಂಡಿ ಎಂದು ಹೇಳಿಕೊಟ್ಟವನೂ ನಾನೇ ತಾನೇ?

ಹಾಗಾಗಿ ನಾವು ಮರುದಿನ ಮಧ್ಯಾಹ್ನ ಕೋಣೆಗೆ ಕಂಬಳಿ ಹೊದಿಸಿದೆವು. ಸಾಲಿನ ಎಲ್ಲ ಮನೆಗಳಿಂದ ಇಪ್ಪತ್ತಮೂರು ಕಂಬಳಿ ಬಂದವು. ಸೂರಿಗೆ, ಗೋಡೆಗಳಿಗೆ, ನೆಲಕ್ಕೆ. ನೆಲದ ಕಂಬಳಿಯ ಮೇಲೆ ನನ್ನ ಮದುವೆಯ ಬಿಳಿ ಪಂಚೆ. ಚಿತ್ರದ ಎದುರುಗೋಡೆಯಲ್ಲಿ ಬಾಗಿಲಗಲ ಮಾತ್ರ ಬೆಳಕು ಬಿಟ್ಟೆವು. ದೇವೀರಿಯನ್ನು ತಂದು ನಡುವೆ ನಿಲ್ಲಿಸಿದೆ. ಅವಳ ಕಾಲಿನಿಂದ ಹೊರಟು ಪಂಚೆಯ ಮೇಲೆ ಉದ್ದಕ್ಕೆ ಕಪ್ಪು ಮಲಗಿತ್ತು. ಅವಳು ಕಿರುಚಿ ನನ್ನ ಸೊಂಟ ಹತ್ತಿದಳು. ನಾನೂ, ನಿಜ ಹೇಳಬೇಕೆಂದರೆ, ನನ್ನದನ್ನು ಕಂಡು ಒಂದು ಹೆಜ್ಜೆ ಹಿಂದೆ ಸರಿದೆ. ಅದೂ ಸರಿಯಿತು. ಮಾರಕ್ಕಜ್ಜಿ ಸೆರಗು ಸಿಕ್ಕಿಸಿಕೊಂಡು ತಮ್ಮ ಕಪ್ಪಿನ ಮೇಲೆ ತಾವೇ ಎರಡು ಹೆಜ್ಜೆ ಕುಣಿದು ತೋರಿಸಿದರು. ಆಮೇಲೆ ದೇವೀರಿ ನಿಧಾನವಾಗಿ ಇಳಿದು ಒಂದು ಹೆಬ್ಬೆರಳು ಇಟ್ಟಳು. ಪಾದ ಇಟ್ಟಳು. ಬೀಳಲಿಲ್ಲ. ಕೈ ಎತ್ತಿದಳು, ಅದೂ ಎತ್ತಿತು. ಬಹಳ ಹೊತ್ತು ಅದರ ಜೊತೆ ಆಡಿ, ಇದ್ದಕ್ಕಿದ್ದಂತೆ ನಿಂತಳು.

"ಅಜ್ಜೀ, ಮೇಲೆ ಅಮ್ಮಂಗೂ ಇದು ಐತಾ?"

"ಮೇಲೆ ಬಿಸ್ಲು ಐತಲ್ಲ ಪುಟ್ಟೀ, ದಿನಾ ಇರತೈತೆ. ಹೋದಲ್ಲೆಲ್ಲಾ ಹಿಂದೆನೇ ಬರತೈತೆ."

ದೇವೀರಿ ಪಂಚೆಯ ಮೇಲಿನ ಕಪ್ಪನ್ನು ಅಂಗೈಯಿಂದ ಸವರಿದಳು. "ಹಂಗಾದ್ರೆ ಅಮ್ಮ ಒಬ್ಳೇ ಇಲ್ಲ," ಎಂದಳು.

ಮೂರು ತಿಂಗಳಿಂದ ಅವಳು ಯಾವ ಎಮ್ಮೆ ಕಾಯುವವಳ ಚಿಂತೆ ಹೊತ್ತಿದ್ದಳೆಂದು ನನಗೆ ಆಗ ತಿಳಿಯಿತು. ಆ ದಿನ ಮಲಗುವ ಹೊತ್ತಿಗೆ, ಎಮ್ಮೆಗಳಿಗೂ ಒಂದೊಂದು ಜೊತೆ ಇದೆ ಎಂದು ತೀರ್ಮಾನಿಸಿ, ಕಾವಲು ಕೆಲಸಕ್ಕೆ ರಾಜೀನಾಮೆ ಕೊಟ್ಟು ನಿದ್ದೆ ಹೋದಳು. ಇಪ್ಪತ್ತನೆಯ ತಾರೀಖು ನಾನು ಪಾಳಿಗೆ ಹೋದೆ, ಅವಳು ಮನೆಯಲ್ಲೇ ಉಳಿದಳು.

ನಿಮ್ಮಲ್ಲಿ ಒಂದು ಕೋರಿಕೆ. ನಿಮಗಿನ್ನೂ ಹೊರಗೆ ನಿಲ್ಲಬಹುದಾದಷ್ಟು ಬಿಸಿಲಿದೆ. ನಾಳೆ ಬೆಳಿಗ್ಗೆ ನಿಮ್ಮ ಮಗುವನ್ನು ಅಂಗಳಕ್ಕೋ ತಾರಸಿಗೋ ಕರೆದೊಯ್ಯಿರಿ. ಒಂದು ದೊಡ್ಡ ಕಾಗದ ಹಾಸಿ, ಅದರ ಮೇಲೆ ಬಿದ್ದ ನೆರಳಿನ ಸುತ್ತ ಗೆರೆ ಎಳೆಯಿರಿ. ಮಗು ಅಲ್ಲಾಡುತ್ತದೆ, ಗೆರೆ ಸೊಟ್ಟಗಾಗುತ್ತದೆ, ಆಗಲಿ. ಅದನ್ನು ಹಾಗೆಯೇ ಮಗುವಿನ ಕೋಣೆಯ ಗೋಡೆಗೆ ಇಳಿಸಿ ಬಣ್ಣ ತುಂಬಿ. ಅದರ ಕೆಳಗೆ, ಮುಂದೊಂದು ದಿನ ಬಂಡೆ ಕೊರೆಯುವ ನಮ್ಮವರ ಕಣ್ಣಿಗೂ ಬೀಳುವಷ್ಟು ದೊಡ್ಡ ಅಕ್ಷರದಲ್ಲಿ, ಇದು ಏನು, ಇದರ ಮೇಲೆ ನಿಂತರೆ ಬೀಳುವುದಿಲ್ಲ ಎಂದು ಬರೆದಿಡಿ. ಇಲ್ಲಿ ಪ್ರತಿ ವರ್ಷ ಯಾರಾದರೊಬ್ಬರಿಗೆ ಐದು ತುಂಬುತ್ತಲೇ ಇರುತ್ತದೆ.

ಇಂತಿ ನಿಮ್ಮ ಮರಿಮಕ್ಕಳ ಮರಿಮಗ,
ತಿಪ್ಪೇರುದ್ರ