ಕೇಳಿ ಕೊಂಡದ್ದು

ಫೆಬ್ರವರಿ ೬, ಬೆಳಿಗ್ಗೆ

ಕಂಪ್ಯೂಟರ್ ಆನ್ ಮಾಡಿ ಕಾಫಿ ಮಾಡಲು ಹೋದೆ. ಕುಡಿದು, ಲೋಟ ತೊಳೆದಿಟ್ಟು ಬಂದರೂ ಪರದೆಯ ಮೇಲೆ ಆ ಚಕ್ರ ತಿರುಗುತ್ತಲೇ ಇತ್ತು. ಒಳಗಿನ ಫ್ಯಾನಿನ ಸದ್ದು ಮಾತ್ರ ಎಲ್ಲದಕ್ಕಿಂತ ಮೊದಲೇ ಹಾಜರು. ಮಗಳು ಇದಕ್ಕೆ ಅಜ್ಜಪ್ಪ ಎಂದು ಹೆಸರಿಟ್ಟಿದ್ದಾಳೆ. ಎಚ್ಚರವಾದ ಮೇಲೆ ಗೊರಕೆ ಹೊಡೆಯುವ ಅಜ್ಜಪ್ಪ.

ಅಕ್ಕನಿಗೆ ನಾಲ್ಕು ಪದ್ಯ ಓದಿ, ರೆಕಾರ್ಡ್ ಮಾಡಿ ಕಳಿಸಿದೆ. ನೀಲಿ ರಟ್ಟಿನ ಸಂಕಲನದ್ದು. ಮೂವತ್ತೆರಡನೆಯ ಪುಟದಲ್ಲಿರುವುದನ್ನು ಬಿಟ್ಟೆ. ದೀಪ ಆರಿದ ಕೋಣೆಯ ಬಗ್ಗೆ ಅದು. ಈಗ ಬೇಡ.

ಫೆಬ್ರವರಿ ೭

ಅಕ್ಕನ ವಾಯ್ಸ್ ಮೆಸೇಜ್.

"ಓದೋದು ಚೆನ್ನಾಗಿದೆ ಕಣೇ. ಆದ್ರೆ ನೀನು ನಿಲ್ಲೋ ಕಡೆಯೆಲ್ಲ ಯಾರೋ ಹಿಟ್ಟು ಬೀಸ್ತಿದ್ದಾರೆ. ಪದ್ಯ ಯಾವುದು ಗಿರಣಿ ಯಾವುದು ಒಂದೂ ಗೊತ್ತಾಗಲ್ಲ. ಸುಮ್ನೆ ಯಾಕೆ ಒದ್ದಾಡ್ತೀಯ. ಬಿಟ್ಬಿಡು."

ಬಿಟ್ಬಿಡು. ಬೇಸರದ ದನಿಯೂ ಅಲ್ಲ. ನನಗೆ ಭಯವಾದದ್ದು ಅದಕ್ಕೇ.

ಜೀವಮಾನವಿಡೀ ಮುದ್ರಣಾಲಯದಲ್ಲಿ ಕರಡು ತಿದ್ದಿದವಳು. ನಾನು ಹೈಸ್ಕೂಲಿನಲ್ಲಿದ್ದಾಗ ಕೆಲಸ ಮನೆಗೂ ತರುತ್ತಿದ್ದಳು. ನಾನು ಮೂಲಪ್ರತಿ ಹಿಡಿದು ಗಟ್ಟಿಯಾಗಿ ಓದಬೇಕು, ಅವಳು ಅಚ್ಚಾದ ಹಾಳೆಯ ಮೇಲೆ ಪೆನ್ಸಿಲ್ ಹಿಡಿದು ಹೊಂದಿಸಿಕೊಳ್ಳಬೇಕು. ಚಿಹ್ನೆಗಳನ್ನೂ ಓದಬೇಕಿತ್ತು — ಅಲ್ಪವಿರಾಮ, ಪೂರ್ಣವಿರಾಮ, ಹೊಸ ಸಾಲು. ಬರಬರುತ್ತಾ ಹೆಸರು ಹೇಳುವುದು ಬಿಟ್ಟೆ, ನಿಲ್ಲುವುದರಲ್ಲೇ ತಿಳಿಸುತ್ತಿದ್ದೆ. ಕಾಮಾಕ್ಕೆ ಇಷ್ಟು, ಸಾಲು ಮುಗಿದರೆ ಇನ್ನಷ್ಟು. ಅವಳು ಒಂದನ್ನೂ ತಪ್ಪಿಸಿಕೊಂಡವಳಲ್ಲ.

ಈಗ ಅವಳಿಗೆ ಅಕ್ಷರ ಕಾಣುವುದಿಲ್ಲ. ಊರೂ ಬೇರೆ. ಯಂತ್ರ ಓದಿದ್ದನ್ನು ಕೇಳಲಾರಳು, ಅದಕ್ಕೆ ಉಸಿರೇ ಇಲ್ಲವಂತೆ. ಅವಳ ಪಾಲಿಗೆ ಉಳಿದ ಪುಸ್ತಕ ನಾನೊಬ್ಬಳು. ನಾನೂ ಮುಚ್ಚಿಕೊಂಡರೆ?

ಫೆಬ್ರವರಿ ೯

ಫೋನಿನಲ್ಲಿ ಓದಿ ನೋಡಿದೆ. ಗಿರಣಿ ಇಲ್ಲ, ನಿಜ. ಆದರೆ ಪದಗಳ ಬಾಲವೂ ಇಲ್ಲ. "ಬಂದು" ಎಂದರೆ "ಬಂದ್" ಎನ್ನುತ್ತದೆ. "ಹಾಡು" — "ಹಾಡ್". ಸಣ್ಣ ದನಿಯನ್ನೆಲ್ಲ ಅದು ಗಲಾಟೆ ಎಂದು ತಿಳಿದು ಅಳಿಸುತ್ತದಂತೆ, ಮಗಳು ಹೇಳಿದಳು. ಕನ್ನಡದ ಎಷ್ಟೋ ಪದಗಳು ಒಂದು ಸಣ್ಣ ಉಕಾರದಲ್ಲಿ ಮೆಲ್ಲಗೆ ಕಾಲೂರಿ ನಿಲ್ಲುತ್ತವೆ. ಅದೇ ಗಲಾಟೆಯಂತೆ!

ಇವರ ಆಫೀಸ್ ಲ್ಯಾಪ್‌ಟಾಪ್ ಕೂಡ ನೋಡಿದ್ದಾಯಿತು. ಎರಡನೆಯ ಪದ್ಯಕ್ಕೇ ಬಿಸಿಯಾಗಿ ಮೂಗು ಕಟ್ಟಿದವರ ಹಾಗೆ ಉಸ್ಸೆನ್ನತೊಡಗಿತು. ನನ್ನ ಬಾಯಿಯ ಕೆಳಗೇ. ದೂರ ಇಡೋಣವೆಂದರೆ ಪರದೆಯೂ ದೂರ ಹೋಗುತ್ತದೆ.

ಹೊಸದೊಂದು ಡೆಸ್ಕ್‌ಟಾಪ್ ಕೊಳ್ಳುವುದೇ ಸರಿ. ಪರದೆ ಎದುರಿಗೆ, ಸಿಪಿಯು ಡಬ್ಬ ಆಚೆಗೆ. ಅಗ್ಗದ್ದೂ ಬೇಡ, ಮೇಲಿನದೂ ಬೇಡ, ನಡುವಿನದು ಸಾಕು ಎಂದರು ಇವರು. ಒಪ್ಪಿದೆ. ಆದರೆ ಯಾವುದರ ನಡುವೆ?

ಫೆಬ್ರವರಿ ೧೪

ಮೂವರೂ ಅಂಗಡಿಗೆ. ಸಾಲಾಗಿ ಡಬ್ಬಗಳು, ಪ್ರತಿಯೊಂದರ ಪಕ್ಕದಲ್ಲೂ ಒಂದು ಚೀಟಿ. ಸ್ಪೀಡು, ಜಿಬಿ, ಪರದೆಯ ಅಳತೆ, ಎಲ್ಲ ಉಂಟು. ಎಷ್ಟು ಸದ್ದು ಮಾಡುತ್ತದೆ ಎಂದು ಒಂದರ ಮೇಲೂ ಬರೆದಿಲ್ಲ.

ಅಂಗಡಿಯ ಯಜಮಾನರು ಇವರಿಗೆ ಮೊದಲೇ ಗೊತ್ತು, ದಾರಿಯಲ್ಲೇ ಅವರಿಗೆ ಗ್ಯಾರಂಟಿ ಎಂದು ಹೆಸರಿಟ್ಟಿದ್ದರು. ಮಾತು ಶುರುವಾಗುವುದೂ ಮುಗಿಯುವುದೂ ಆ ಪದದಿಂದಲೇ. ಏನು ಬೇಕೋ ಕೇಳಿ ಮೇಡಂ ಎಂದರು. ನಾನು ಬಗ್ಗಿ ಮೊದಲನೆಯ ಡಬ್ಬಕ್ಕೆ ಕಿವಿಯಿಟ್ಟೆ. ಆಮೇಲೆ ಎರಡನೆಯದಕ್ಕೆ. ಮಗಳು ಮೆಲ್ಲಗೆ ಪ್ರಿಂಟರ್‌ಗಳ ಕಡೆ ಸರಿದಳು, ನಮಗೂ ತನಗೂ ಸಂಬಂಧವೇ ಇಲ್ಲದ ಹಾಗೆ.

"ಮೇಡಂ, ಕಂಪ್ಯೂಟರ್ ನೋಡಿ ತಗೋತಾರೆ. ಹೀಗೆ ಕೇಳಿ ತಗೊಂಡವರನ್ನ ನಾನು ನೋಡಿಲ್ಲ."

"ನೀವೇ ಅಲ್ವಾ ಕೇಳಿ ಅಂದಿದ್ದು," ಎಂದರು ಇವರು.

ಬಸ್ಸಿನಲ್ಲಿ ಅದನ್ನೇ ಯೋಚಿಸುತ್ತಾ ಬಂದೆ. ಪ್ರಶ್ನೆ ಹಾಕುವುದಕ್ಕೂ ಕಿವಿಗೊಡುವುದಕ್ಕೂ ನಮ್ಮಲ್ಲಿ ಒಂದೇ ಕ್ರಿಯಾಪದ. ಎಂ.ಎ.ಗೆ ಭಾಷಾಶಾಸ್ತ್ರ ಓದಿಯೂ ಇದು ಹೊಳೆದಿರಲಿಲ್ಲ. ಡಬ್ಬಕ್ಕೆ ಕಿವಿಯಿಟ್ಟಾಗ ಹೊಳೆಯಿತು.

ಫೆಬ್ರವರಿ ೧೬, ಗ್ರಂಥಾಲಯದಲ್ಲಿ

ಇವತ್ತು ಕೆಲಸ ಕಡಿಮೆ, ನನ್ನ ಕೌಂಟರಿನಲ್ಲಿ ಜನವಿಲ್ಲ. ಕಂಪ್ಯೂಟರಿನ ಬಗ್ಗೆ ಒಂದು ಪುಸ್ತಕ ತೆಗೆದು ಕುಳಿತು ಓದಿದೆ. ಒಬ್ಬ ವಿದ್ಯಾರ್ಥಿನಿ ಪುಸ್ತಕ ಹಿಡಿದು ನಿಂತು ಕೆಮ್ಮಿದ ಮೇಲೆಯೇ ತಲೆಯೆತ್ತಿದ್ದು.

ಹೆಚ್ಚು ದುಡಿದರೆ ಬಿಸಿ. ಬಿಸಿಯಾದರೆ ಗಾಳಿ ಬೇಕು. ಗಾಳಿಯೆಂದರೆ ಸದ್ದು. ಚಿಕ್ಕ ಫ್ಯಾನು ಹೆಚ್ಚು ಕಿರುಚುತ್ತದೆ, ದೊಡ್ಡದು ನಿಧಾನ ತಿರುಗಿಯೇ ಅಷ್ಟೇ ಗಾಳಿ ಕೊಡುತ್ತದೆ — ಮನುಷ್ಯರನ್ನು ನೆನೆದು ನಕ್ಕೆ. ಹಳೆಯ ಹಾರ್ಡ್ ಡಿಸ್ಕಿನಲ್ಲಿ ತಟ್ಟೆ ತಿರುಗುತ್ತದೆ. ಈಗಿನ ಎಸ್‌ಎಸ್‌ಡಿಯಲ್ಲಿ ಅಲುಗುವಂಥದ್ದೇ ಏನೂ ಇಲ್ಲ. ಗ್ರಾಫಿಕ್ಸ್ ಕಾರ್ಡಿಗೆ ಅದರದೇ ಫ್ಯಾನು, ಅದು ನನಗೆ ಬೇಡ. ಇನ್ನು ರ‍್ಯಾಮ್ — ಕರೆಂಟ್ ಹೋದ ಕ್ಷಣ ಎಲ್ಲ ಮರೆಯುತ್ತದಂತೆ. ಮರೆಯುವುದಕ್ಕೆಂದೇ ಮಾಡಿದ ನೆನಪು. ಎಷ್ಟು ಹೊತ್ತು ಆ ಸಾಲಿನಲ್ಲೇ ನಿಂತೆನೋ.

ಅಂತೂ ನಡುವಿನದು ಎಂದರೇನೆಂದು ತಿಳಿಯಿತು. ಬೆವರದೆ ಕೆಲಸ ಮಾಡುವಂಥದ್ದು.

ಫೆಬ್ರವರಿ ೨೧

ಮಗಳ ಜೊತೆ ಜಟಾಪಟಿ. ಅವಳಿಗೆ ಗ್ರಾಫಿಕ್ಸ್ ಕಾರ್ಡ್ ಬೇಕೇ ಬೇಕು. ಡಿಸೈನ್ ಕೋರ್ಸಿಗೆ ಎನ್ನುತ್ತಾಳೆ, ಗೇಮ್ ಆಡಲಿಕ್ಕೆ ಎಂದು ಇವರು.

"ಅಮ್ಮ, ಈ ಮನೆಗೆ ಹೊಸ ಕಂಪ್ಯೂಟರ್ ಬರೋದೇ ಅಪರೂಪ. ಅದನ್ನೂ ದೊಡ್ಡಮ್ಮನ ಕಿವಿ ಅಳತೆಗೆ ಹೊಲಿಸ್ತೀಯಾ?"

ಅಜ್ಜಪ್ಪನಲ್ಲಿ ಓದಿದ್ದ ಪದ್ಯವನ್ನು ಹಾಕಿ, ಕಣ್ಣು ಮುಚ್ಚಿಕೊಂಡು ಕೇಳು ಎಂದೆ. ಮೊದಲು ನಕ್ಕಳು, ಆಮೇಲೆ ಮುಚ್ಚಿದಳು. ಪೂರ್ತಿ ಕೇಳಿ ಎದ್ದು ಹೋದಳು. ಊಟದ ಹೊತ್ತಿಗೆ ಬಂದು, ಕಾರ್ಡಿಗೆ ಜಾಗವಿರುವ ಡಬ್ಬ ತಗೊಂಡರೆ ಸಾಕು, ಮುಂದೆ ನೋಡೋಣ ಎಂದಳು. ಅನ್ನ ಕಲಸುತ್ತಾ ಮತ್ತೆ — ದೊಡ್ಡಮ್ಮ ಇಷ್ಟು ದಿನ ಅದನ್ನ ಹೇಗೆ ಸಹಿಸಿಕೊಂಡ್ರು?

ಮಾರ್ಚ್ ೧

ಕೊಂಡೆವು!

ನಾವು ಹೇಳಿದ ಹಾಗೆ ಜೋಡಿಸಿಟ್ಟಿದ್ದರು ಗ್ಯಾರಂಟಿ. ದೊಡ್ಡ ಫ್ಯಾನು, ಎಸ್‌ಎಸ್‌ಡಿ, ಬಣ್ಣದ ದೀಪವಿಲ್ಲದ ಕಪ್ಪು ಡಬ್ಬ. ಕೇಳೋಣವೆಂದರೆ ಅಂಗಡಿಯಲ್ಲಿ ಏಸಿಯ ಸದ್ದು, ಹೊರಗೆ ರಸ್ತೆ. ಮಗಳೇ ಹೋಗಿ ಏಸಿ ಆರಿಸಿದಳು. ಯಜಮಾನರು ಷಟರ್ ಎಳೆದರು. ನಾಲ್ಕು ಜನ ಮೂಕರಂತೆ ನಿಂತೆವು. ಗೋಡೆ ಗಡಿಯಾರ ಕೇಳಿಸಿತು. ಇವರ ಹೊಟ್ಟೆ ಗುರುಗುಟ್ಟಿದ್ದು ಕೇಳಿಸಿತು.

"ಆನ್ ಮಾಡಿ," ಎಂದು ಪಿಸುಗುಟ್ಟಿದೆ.

"ಆಗ್ಲೇ ಆನ್ ಆಗಿದೆ ಮೇಡಂ," ಎಂದರು ಅವರೂ ಪಿಸುದನಿಯಲ್ಲಿ. ಗ್ಯಾರಂಟಿ ಎನ್ನುವುದನ್ನೂ ಮರೆತರು.

ಮಾರ್ಚ್ ೩, ಮಧ್ಯಾಹ್ನ

ಮನೆಯಲ್ಲಿ ಯಾರೂ ಇಲ್ಲ. ಡಬ್ಬ ಪುಸ್ತಕದ ಕಪಾಟಿನ ಆಚೆಗೆ. ಮೈಕು ಎದುರಿಗೆ. ನೀಲಿ ಸಂಕಲನ ಮತ್ತೆ ಮೊದಲಿನಿಂದ.

ಎರಡು ಸಾಲಿನ ನಡುವೆ ಏನೂ ಇಲ್ಲ. ನಿಜವಾಗಿ ಏನೂ ಇಲ್ಲ. ನಿಂತರೆ ನಿಂತದ್ದು ಕೇಳುತ್ತದೆ. ಎಷ್ಟೋ ವರ್ಷದ ಮೇಲೆ ಮತ್ತೆ ಕಾಮಾಕ್ಕೆ ಇಷ್ಟು, ಸಾಲಿಗೆ ಇನ್ನಷ್ಟು. ಅಕ್ಕನ ಪೆನ್ಸಿಲ್ ಎದುರಿಗೇ ಇದ್ದ ಹಾಗಿತ್ತು.

ಮೂವತ್ತೊಂದನೆಯ ಪುಟದ ಮಳೆ ಪದ್ಯ ಮುಗಿದ ಮೇಲೆ ಎರಡು ಹಾಳೆ ಒಟ್ಟಿಗೆ ಹಿಡಿದು ಮಗುಚಿದೆ.

ಕಳಿಸಿದೆ.

ಮಾರ್ಚ್ ೫

ಉತ್ತರವಿಲ್ಲ. ಕೇಳಿದ್ದಾಳೆ ಮಾತ್ರ, ಮೆಸೇಜಿನ ಪಕ್ಕ ನೀಲಿ ಗೀಟು ಬಿದ್ದಿದೆ. ಫೋನ್ ಮಾಡಲು ಧೈರ್ಯ ಬರಲಿಲ್ಲ.

ಮಾರ್ಚ್ ೯

ಗ್ರಂಥಾಲಯದ ಹಿಂಬದಿಯ ಮೆಟ್ಟಿಲ ಮೇಲೆ ಕೂತು ಅಕ್ಕನ ಮೆಸೇಜ್ ಕೇಳಿದೆ.

"ಗಿರಣಿ ಮುಚ್ಚಿದ್ಯಲ್ಲ, ಒಳ್ಳೇದಾಯ್ತು. ಪ್ರತಿ ಸಾಲೂ ಕಂಡ ಹಾಗಾಯ್ತು ಕಣೇ. ಒಂದು ಮಾತು ಕೇಳ್ಲಾ? ಮಳೆ ಪದ್ಯ ಆದ್ಮೇಲೆ ಹಾಳೆ ಮಗುಚಿದ್ಯಲ್ಲ, ಅದು ಒಂದು ಹಾಳೆ ಸದ್ದಲ್ಲ. ಎರಡು. ಅಂಟ್ಕೊಂಡಿತ್ತಾ, ಅಂಟಿಸಿದ್ಯಾ?"

ತಕ್ಷಣ ಫೋನ್ ಮಾಡಿದೆ. ಬಿಟ್ಟ ಪದ್ಯ ಯಾವುದರ ಬಗ್ಗೆ ಎಂದು ಹೇಳಿದೆ. ನಿನಗೆ ನೋವಾಗಬಾರದೆಂದು, ಎಂದೆ. ಬೇರೆ ಪುಸ್ತಕಗಳಲ್ಲೂ ಹೀಗೆ ಬಿಟ್ಟಿದ್ದೀಯಾ ಎಂದಳು. ಹೂಂ ಎಂದೆ. ಬೆಳಕು, ಕನ್ನಡಿ, ನಕ್ಷತ್ರ, ಎಲ್ಲ ಬಿಟ್ಟಿದ್ದೆ. ಆ ಕಡೆಯ ವಿರಾಮ ಎಷ್ಟು ಉದ್ದ ಎಂದು ಅಳೆಯಲು ಹೋಗಲಿಲ್ಲ.

"ಕಣ್ಣು ಹೋಗಿರೋದು ನಂದು. ಪುಟ ಹಾರಿಸ್ತಿರೋದು ನೀನು. ಒಂದು ಕಾಮಾ ಬಿಟ್ಟಿದ್ರೂ ನಾನು ಹಾಳೆ ವಾಪಸ್ ಕಳಿಸ್ತಿದ್ದೆ, ಮರೆತ್ಯಾ? ಬೇಕಾ ಬೇಡ್ವಾ ಅಂತ ಒಂದು ಸಲ ಕೇಳ್ಬಾರ್ದಾಗಿತ್ತಾ?"

ಅಂಗಡಿಯಲ್ಲಿದ್ದ ಅಷ್ಟೂ ಡಬ್ಬಗಳಿಗೆ ಕಿವಿಯಿಟ್ಟು ಕೇಳಿದೆ. ಅವಳನ್ನು ಕೇಳಲಿಲ್ಲ.

ಈಗ ಕೇಳಿದೆ. ಓದಲಾ ಅಕ್ಕ, ಎಂದು.

"ಓದು. ನಿಧಾನಕ್ಕೆ ಓದು. ಇಷ್ಟವಾಗದಿದ್ರೆ ಬೈತೀನಿ, ಕವೀನ."

ಮಾರ್ಚ್ ೧೦, ಮಧ್ಯಾಹ್ನ

ಕಿಟಕಿ ಮುಚ್ಚಿದೆ. ಮಗಳಿಗೆ ಇವತ್ತು ರಜೆ. ಕಾಲ್ಗೆಜ್ಜೆ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು, ತುದಿಗಾಲಿನಲ್ಲಿ ಆಚೆ ಹೋಗಿ ಬಾಗಿಲು ಮುಂದೆ ಮಾಡಿದಳು. ಪುಸ್ತಕ ಮೂವತ್ತೊಂದನೆಯ ಪುಟಕ್ಕೆ ತೆರೆದಿದೆ. ಪದ್ಯದ ಹೆಸರು ಹೇಳುವ ಮೊದಲು ಮೈಕಿನ ಹತ್ತಿರವೇ ಮಗುಚಬೇಕು, ಅವಳಿಗೆ ಚೆನ್ನಾಗಿ ಕೇಳಿಸುವ ಹಾಗೆ. ಒಂದೇ ಹಾಳೆ —