ದುರ್ಬೀನಿನ ಬಲಗಡೆ

ಜುಲೈ ೧೪, ಸೋಮವಾರ

ಮಾವ ಕೊಟ್ಟ ಹಳೆಯ ದುರ್ಬೀನಿನ ಬಲಗಡೆ ಗಾಜಿಗೆ ಹಾಳಾದ ಬೂಷ್ಟು ಹಿಡಿದಿದೆ ಎಂದುಕೊಂಡಿದ್ದೆ. ಇವತ್ತು ಮತ್ತೆ ಬಿಚ್ಚಿ ಒರೆಸಿ ಜೋಡಿಸಿದೆ. ಮಹಡಿಯಿಂದ ಸಾರಕ್ಕಿ ಕೆರೆ ನೋಡಿದರೆ ಬಲಗಡೆ ಅದೇ ಮಂಜು.

ಮಗಳು ಅರ್ಪಿತ ಇಸಿದುಕೊಂಡು ನೋಡಿದಳು. "ಸಖತ್ ಕ್ಲಿಯರ್ ಆಗಿದೆ ಅಪ್ಪ. ಕೊಕ್ಕರೆ ಕಾಲೂ ಕಾಣಿಸ್ತಿದೆ."

ಅವಳು ಕೆಳಗಿಳಿದ ಮೇಲೆ ದುರ್ಬೀನನ್ನು ಅಡಿಮೇಲು ಮಾಡಿ ಕಣ್ಣಿಗಿಟ್ಟೆ. ಎಡಗಡೆಯ ಗಾಜು ಬಲಗಣ್ಣಿಗೆ ಬಂತು. ಮಂಜು ಮಾತ್ರ ಬಲಗಡೆಯೇ ಉಳಿಯಿತು.

ಈಗ ಎಡಗಣ್ಣು ಮುಚ್ಚಿಕೊಂಡು ಬರೆಯಲು ನೋಡಿದೆ. ಅಕ್ಷರ ಕಾಣಲಿಲ್ಲ. ಮನೆಯಲ್ಲಿ ಯಾರಿಗೂ ಹೇಳುವ ಧೈರ್ಯವಿಲ್ಲ.

ಬೆಳಿಗ್ಗೆ ಸ್ಕೂಲ್ ವ್ಯಾನ್ ಓಡಿಸಬೇಕು. ಸಾರಕ್ಕಿ ಸಿಗ್ನಲ್ಲಿನಲ್ಲಿ ಮಕ್ಕಳು ಹತ್ತುವುದು ಎಡಗಡೆ. ಬಸ್ಸುಗಳು ನುಗ್ಗುವುದು ಬಲಗಡೆಯಿಂದ.